ಇ.ಟಿ. ಮಾಡಿದ ಕರೆಗೆ ಬರಬೇಕಾದವರು ಇವರಲ್ಲ

ಸ್ಟೀವನ್ ಸ್ಪಿಲ್‌ಬರ್ಗ್ ಅವರ ‘ಇ.ಟಿ.’ ಚಿತ್ರವನ್ನು ಎಷ್ಟು ಬಾರಿ ನೋಡಿದ್ದೇನೋ ಲೆಕ್ಕವಿಟ್ಟಿಲ್ಲ. ಭೂಮಿಯಲ್ಲಿ ಒಂಟಿಯಾಗಿ ಉಳಿದ ಇ.ಟಿ. ಎಂಬ ಅನ್ಯಗ್ರಹಜೀವಿ, ಎಲಿಯಟ್ ಎಂಬ ಹುಡುಗನ ಗೆಳೆಯನಾಗಿ, ತನ್ನವರಿಗೆ ಕರೆ ಕಳುಹಿಸಿ, ಊರಿಗೆ ಮರಳುವ ಕಥೆ ಅದು. ಅದರ ಎರಡನೇ ಭಾಗ ಬರಲಿಲ್ಲವಲ್ಲ ಎಂಬ ಕೊರಗು ಬಹಳ ವರ್ಷ ನನ್ನಲ್ಲಿತ್ತು. ಬರಬೇಕಿದ್ದ ಕಥೆ ಯಾವುದೆಂದು ತಿಳಿದ ಮೇಲೆ ಆ ಕೊರಗು ಹೋಯಿತು. ಅದರ ಜಾಗದಲ್ಲಿ ಬೇರೊಂದು ನೋವು ಬಂದು ಕೂತಿದೆ.

ಚಿತ್ರ ಅಮೆರಿಕದಲ್ಲಿ ತೆರೆಕಂಡದ್ದು 1982ರ ಜೂನ್‌ನಲ್ಲಿ. ಜುಲೈ ಹೊತ್ತಿಗಾಗಲೇ ಸ್ಪಿಲ್‌ಬರ್ಗ್ ಮತ್ತು ಚಿತ್ರಕಥೆ ಬರೆದ ಮೆಲಿಸ್ಸಾ ಮ್ಯಾಥಿಸನ್ ಸೇರಿ, ‘ನಾಕ್ಟರ್ನಲ್ ಫಿಯರ್ಸ್’ ಎಂಬ ಹೆಸರಿನಲ್ಲಿ ಮುಂದಿನ ಭಾಗದ ಕಥೆಯನ್ನು ಕೆಲವೇ ಪುಟಗಳಲ್ಲಿ ಬರೆದಿಟ್ಟಿದ್ದರು. ಅದರಲ್ಲಿ ಭೂಮಿಗೆ ಇಳಿಯುವವರು ಇ.ಟಿ.ಯ ಕುಲದವರೊಂದಿಗೆ ಬಹುಕಾಲದಿಂದ ಕಾದಾಡುತ್ತಿರುವ, ಬಿಳಿಚಿದ ಮೈಯ, ಮಾಂಸ ತಿನ್ನುವ ದುಷ್ಟ ಜೀವಿಗಳು. ಅವರು ಎಲಿಯಟ್‌ನನ್ನೂ ಜೊತೆಯ ಮಕ್ಕಳನ್ನೂ ನೌಕೆಯಲ್ಲಿ ಸೆರೆಯಿಟ್ಟು, ಝ್ರೆಕ್ ಎಲ್ಲಿದ್ದಾನೆಂದು ಹೇಳುವಂತೆ ಹಿಂಸಿಸುತ್ತಾರೆ. ಝ್ರೆಕ್ ಎಂದರೆ ನಮ್ಮ ಇ.ಟಿ. ಕೊನೆಗೆ ಅವನು ಬಂದು ಮಕ್ಕಳನ್ನು ಬಿಡಿಸುತ್ತಾನೆ.

ಮಕ್ಕಳ ಕಥೆಯಲ್ಲಿ ಭಯ ಇರಬಾರದೆಂದು ನಾನು ಹೇಳುತ್ತಿಲ್ಲ. ಮುಖ ಕಾಣದ ದೊಡ್ಡವರು, ಸೊಂಟದಲ್ಲಿ ಸದ್ದು ಮಾಡುವ ಬೀಗದಕೈ ಗೊಂಚಲು, ಪ್ಲಾಸ್ಟಿಕ್ ಹೊದಿಸಿದ ಮನೆ ಇವೆಲ್ಲ ಮೊದಲ ಚಿತ್ರದಲ್ಲಿಯೂ ನಮ್ಮನ್ನು ನಡುಗಿಸಿದ್ದವು. ನನಗೆ ಸಹಿಸಲಾಗದ ಸಂಗತಿ ಬೇರೆಯೇ ಇದೆ: ಈ ದುಷ್ಟರು ಭೂಮಿಯನ್ನು ಹುಡುಕಿಕೊಂಡು ಬರುವುದು ನೆರವಿಗಾಗಿ ಇ.ಟಿ. ಕಳುಹಿಸಿದ ಕರೆಯ ಜಾಡು ಹಿಡಿದು.

ಆ ಕರೆ ಹೋದದ್ದು ಎಂಥ ಯಂತ್ರದಿಂದ ಎಂಬುದನ್ನು ನೆನಪಿಸಿಕೊಳ್ಳಿ. ಮಕ್ಕಳಿಗೆ ಅಕ್ಷರ ಕಲಿಸುವ ಮಾತನಾಡುವ ಆಟಿಕೆ, ಬಿಚ್ಚಿಟ್ಟ ಕೊಡೆ, ದುಂಡನೆಯ ಗರಗಸದ ಅಲಗು, ಊಟದ ಫೋರ್ಕ್. ಇಷ್ಟನ್ನು ಜೋಡಿಸಿ ಕಾಡಿನ ಬಯಲಿನಲ್ಲಿ ನಿಲ್ಲಿಸಿದಾಗ, ಗಾಳಿ ಬೀಸಿದಂತೆ ಅಲಗು ಹಲ್ಲು ಹಲ್ಲಾಗಿ ಸರಿಯುತ್ತದೆ, ಆಟಿಕೆ ಮಾತನಾಡತೊಡಗುತ್ತದೆ. ಮನೆಯಲ್ಲಿದ್ದದ್ದನ್ನೆಲ್ಲ ಹೊತ್ತು ತಂದುಕೊಟ್ಟವರು ಆ ಮಕ್ಕಳೇ. ತಂದೆ ಮನೆ ಬಿಟ್ಟು ಹೋಗಿರುವ ಹುಡುಗನೊಬ್ಬ, ತನ್ನ ಗೆಳೆಯನಾದರೂ ತನ್ನ ಮನೆ ಸೇರಲಿ ಎಂದು ಕಟ್ಟಲು ನೆರವಾದ ಯಂತ್ರವದು. ಅದೇ ಕರೆ ಆ ಹುಡುಗನನ್ನು ಹಿಂಸೆಯ ಕೋಣೆಗೆ ತಳ್ಳುತ್ತದೆ ಎಂದು ಬರೆದರೆ, ಹೊಸ ಕಥೆ ಕೆಡುವುದಷ್ಟೇ ಅಲ್ಲ, ಹಳೆಯ ದೃಶ್ಯಕ್ಕೂ ವಿಷ ಸೇರುತ್ತದೆ. ಮುಂದೆ ಆ ಅಲಗು ತಿರುಗುವುದನ್ನು ನೋಡುವಾಗ ನಾನು ಹೇಗೆ ಸಂತೋಷಪಡಲಿ?

ಈ ದುಷ್ಟರು ಎಲ್ಲಿಂದ ಬಂದರೆಂಬುದನ್ನು ಊಹಿಸಬಹುದು. ‘ಇ.ಟಿ.’ಗೂ ಮೊದಲು ಸ್ಪಿಲ್‌ಬರ್ಗ್ ‘ನೈಟ್ ಸ್ಕೈಸ್’ ಎಂಬ ಚಿತ್ರ ಮಾಡಹೊರಟಿದ್ದರು. ಜಾನ್ ಸೇಲ್ಸ್ ಬರೆದ ಆ ಕಥೆಯಲ್ಲಿ ಕ್ರೂರ ಅನ್ಯಗ್ರಹಜೀವಿಗಳು ರೈತ ಕುಟುಂಬವೊಂದನ್ನು ಕಾಡುತ್ತಿದ್ದವು. ಅವುಗಳ ನಡುವಿನ ಒಂದೇ ಒಂದು ಒಳ್ಳೆಯ ಜೀವಿ ಮಗುವೊಂದರ ಸ್ನೇಹ ಗಳಿಸುತ್ತಿತ್ತು. ಆ ಒಂದು ಎಳೆಯನ್ನು ಉಳಿಸಿಕೊಂಡು ಮಿಕ್ಕಿದ್ದನ್ನು ಬಿಟ್ಟದ್ದರಿಂದಲೇ ‘ಇ.ಟಿ.’ ಹುಟ್ಟಿತು. ಬಿಟ್ಟದ್ದನ್ನೇ ಮತ್ತೆ ಹೆಕ್ಕಿ ತಂದಂತೆ ಕಾಣುತ್ತದೆ ಈ ಎರಡನೇ ಭಾಗ.

ಸ್ಪಿಲ್‌ಬರ್ಗ್ ಅದನ್ನು ಕೈಬಿಟ್ಟದ್ದು ದೊಡ್ಡ ಉಪಕಾರ. ಆದರೂ ಸ್ಪಿಲ್‌ಬರ್ಗ್ ಮತ್ತು ಮ್ಯಾಥಿಸನ್ ಇಬ್ಬರೇ, ಅದೂ ಮೊದಲ ಚಿತ್ರದ ಬಿಸಿ ಆರುವ ಮುನ್ನವೇ, ಹೀಗೆ ಯೋಚಿಸಿದ್ದರೆಂಬುದು ನನಗೆ ಇಂದಿಗೂ ನುಂಗಲಾರದ ತುತ್ತು. ಬೀಳ್ಕೊಡುವಾಗ ಎಲಿಯಟ್‌ನ ಪುಟ್ಟ ತಂಗಿ ಗರ್ಟಿ ಕೊಟ್ಟ ಹೂವಿನ ಕುಂಡವನ್ನು ಹಿಡಿದುಕೊಂಡೇ ಇ.ಟಿ. ನೌಕೆ ಹತ್ತುತ್ತಾನೆ. ಆ ಗಿಡ ಅವನ ಊರಿನ ಮಣ್ಣಿನಲ್ಲಿ ಬದುಕಿತೇ, ಅವನ ಮನೆಯವರು ಅದನ್ನು ನೋಡಿ ಏನೆಂದರು? ನಾನು ಕಾದಿದ್ದು ಆ ಕಥೆಗಾಗಿ.