ಕನ್ನಡಕ ಮರೆತು ಬಂದೆ

ನಮ್ಮಮ್ಮ ಬ್ಯಾಂಕಿಗೆ ಹೋದಾಗಲೆಲ್ಲ ಒಂದು ಸುಳ್ಳು ಹೇಳುತ್ತಿದ್ದಳು. "ಕನ್ನಡಕ ಮರೆತು ಬಂದೆ ಕಣಣ್ಣ, ಇದೊಂದ್ ಚೂರು ಬರ್ಕೊಡ್ತೀಯಾ?"

ಅಮ್ಮನ ಹತ್ತಿರ ಕನ್ನಡಕವೇ ಇರಲಿಲ್ಲ. ಕಣ್ಣು ಚೆನ್ನಾಗಿಯೇ ಇತ್ತು. ನಸುಕಿನಲ್ಲಿ ದೀಪ ಇಲ್ಲದೆ ಕೊಟ್ಟಿಗೆಗೆ ಹೋಗಿ ಹಾಲು ಕರೆದು ಬರುತ್ತಿದ್ದಳು. ಮೊರದ ಅಕ್ಕಿಯಲ್ಲಿ ಒಂದು ಕಲ್ಲು ಉಳಿಯುತ್ತಿರಲಿಲ್ಲ. ಓದೋಕೆ ಬರುತ್ತಿರಲಿಲ್ಲ, ಅಷ್ಟೇ.

ಆಗ ನನಗೆ ಎಂಟೋ ಒಂಬತ್ತೋ ವರ್ಷ. ಹಾಲಿನ ದುಡ್ಡು ತರೋಕೆ ಅವಳ ಜೊತೆ ಹೋಗಿದ್ದೆ. ಬರೆದುಕೊಡುವವರು ಅವತ್ತು ಯಾರೂ ಸಿಗಲಿಲ್ಲ. ಅಮ್ಮ ಚೀಟಿ ಹಿಡಿದುಕೊಂಡೇ ಕೌಂಟರಿಗೆ ಹೋದಳು. ಒಳಗಿದ್ದವರು ತಲೆ ಎತ್ತದೆ, ಎಲ್ಲರಿಗೂ ಕೇಳುವ ಹಾಗೆ, "ಹೆಬ್ಬೆಟ್ಟಾ? ಪಕ್ಕಕ್ಕೆ ನಿಂತ್ಕೋ" ಅಂದರು. ಅಮ್ಮ ನಿಂತಳು. ತುಂಬಾ ಹೊತ್ತು ನಿಂತಳು. ಆಮೇಲೆ ಇಂಕಿನ ಪ್ಯಾಡಿಗೆ ಬೆರಳೊತ್ತಿ ಗುರುತು ಹಾಕಿ, ಆ ಬೆರಳನ್ನು ಕಿವಿಯ ಹಿಂದಿನ ಕೂದಲಿಗೆ ಒರೆಸಿಕೊಂಡಳು. ಸೀರೆಗೆ ಒರೆಸಿದರೆ ಊರಲ್ಲಿ ಕಾಣುತ್ತದಲ್ಲ.

ಬಸ್ಸಿನಲ್ಲಿ ನಾನು ಕೇಳಿದೆ, "ಅಮ್ಮ, ನಿನ್ ಕನ್ನಡಕ ಎಲ್ಲಿದೆ?" ಅವಳು ಕಿಟಕಿ ಕಡೆ ತಿರುಗಿಕೊಂಡಳು.

ಇದನ್ನೆಲ್ಲ ಈಗ ಬರೆಯೋದಕ್ಕೆ ಕಾರಣ ಇದೆ. ಮೊನ್ನೆ ಯಾರೋ ಹರೇಕಳ ಹಾಜಬ್ಬ ಅವರ ಫೋಟೋ ಹಾಕಿ ಮತ್ತೆ ಶೇರ್ ಮಾಡಿದ್ದರು. ಬಿಳಿ ಪಂಚೆ, ಬಿಳಿ ಅಂಗಿ, ಬರಿಗಾಲು, ಎದುರಿಗೆ ರಾಷ್ಟ್ರಪತಿ. ಕೆಳಗೆ ನೂರಾರು ಜನ ಕೈಮುಗಿದಿದ್ದರು. ನಾನೂ ಕೈಮುಗಿದೆ. ಆದರೆ ಅವರ ಕಥೆಯಲ್ಲಿ ನನ್ನನ್ನು ಹಿಡಿದು ನಿಲ್ಲಿಸೋದು ಆ ಫೋಟೋ ಅಲ್ಲ. ಕಿತ್ತಳೆ ಬುಟ್ಟಿಯ ಮುಂದೆ ಅವರು ಸುಮ್ನೆ ನಿಂತುಬಿಟ್ಟ ಆ ಒಂದು ನಿಮಿಷ.

ಗೊತ್ತಿಲ್ಲದವರಿಗೆ ಹೇಳ್ತೀನಿ. ಹಾಜಬ್ಬ ಮಂಗಳೂರಿನ ರಸ್ತೆಗಳಲ್ಲಿ ಬುಟ್ಟಿಯಲ್ಲಿ ಕಿತ್ತಳೆ ಇಟ್ಟುಕೊಂಡು ಮಾರುತ್ತಿದ್ದರು. ಎಪ್ಪತ್ತರ ದಶಕದ ಕೊನೆಯ ಮಾತು. ಒಂದು ದಿನ ವಿದೇಶಿಯರು ಬಂದು ಹಣ್ಣಿನ ಬೆಲೆ ಎಷ್ಟು ಅಂತ ಇಂಗ್ಲಿಷಿನಲ್ಲಿ ಕೇಳಿದರು. ಇವರಿಗೆ ಗೊತ್ತಿದ್ದದ್ದು ಬ್ಯಾರಿ, ತುಳು. ಶಾಲೆ ಮೆಟ್ಟಿಲು ಹತ್ತಿದವರಲ್ಲ. ಏನು ಕೇಳಿದರು ಅಂತ ತಿಳಿಯಲಿಲ್ಲ, ಉತ್ತರ ಹೊರಡಲಿಲ್ಲ. ಬಂದವರು ಹೊರಟು ಹೋದರು.

ಆಗಿದ್ದು ಇಷ್ಟೇ. ಯಾರೂ ಬೈಯಲಿಲ್ಲ, ಹೊಡೆಯಲಿಲ್ಲ. ಆದರೂ ಅದು ಎಂಥ ನೋವು ಅಂತ ನನಗೆ ಗೊತ್ತು. ದಿನಾ ತಾನೇ ಕೂಗಿ ಮಾರುವ ಹಣ್ಣಿನ ಬೆಲೆ ಹೇಳೋಕಾಗಲಿಲ್ಲ ಅನ್ನೋ ನಾಚಿಕೆ ಅದು. ಅಮ್ಮ ಕೂದಲಿಗೆ ಒರೆಸಿಕೊಂಡಳಲ್ಲ, ಅದೇ ನಾಚಿಕೆ.

ಇಲ್ಲಿ ನನ್ನ ಒಂದು ತಪ್ಪು ಹೇಳಲೇಬೇಕು. ಆ ಬ್ಯಾಂಕಿನವರ ಮೇಲಿನ ಸಿಟ್ಟನ್ನು ನಾನು ಎಷ್ಟೋ ವರ್ಷ ಇಟ್ಟುಕೊಂಡಿದ್ದೆ. ಓದಿದೆ, ಕೆಲಸ ಸಿಕ್ಕಿತು. ನನ್ನ ಟೇಬಲ್ ಮುಂದೆಯೂ ಜನ ಅರ್ಜಿ ಹಿಡಿದು ಬರೋಕೆ ಶುರು ಮಾಡಿದರು. ಒಂದು ಮಧ್ಯಾಹ್ನ, ಊಟಕ್ಕೆ ಏಳುವ ಹೊತ್ತಿಗೆ, ವಯಸ್ಸಾದ ಒಬ್ಬರು ಬಂದು ಫಾರಂ ತಲೆಕೆಳಗಾಗಿ ಹಿಡಿದು ನಿಂತರು. "ಓದಕ್ಕೆ ಬರಲ್ವಾ?" ಅಂದುಬಿಟ್ಟೆ. ಅದೇ ದನಿ. ಅದೇ ಜೋರು. ಅವರು ಏನೂ ಹೇಳದೆ ಫಾರಂ ಮಡಚಿ ಜೇಬಿಗೆ ಇಟ್ಟುಕೊಂಡರು. ನಾನು ಎದ್ದು ಹೊರಗೆ ಓಡುವಷ್ಟರಲ್ಲಿ ಗೇಟಿನ ಹತ್ತಿರ ಯಾರೂ ಇರಲಿಲ್ಲ.

ಅವತ್ತಿನಿಂದ, ಕಷ್ಟ ಪಟ್ಟವರಿಗೆ ಕರುಣೆ ಜಾಸ್ತಿ ಅನ್ನೋ ಮಾತನ್ನು ನಾನು ನಂಬೋದಿಲ್ಲ. ಹಾಗೇನಿಲ್ಲ. ಕಷ್ಟ ಜನರನ್ನು ಗಡುಸು ಮಾಡುತ್ತದೆ. ನನಗಾಗಿದ್ದು ನಿನಗೂ ಆಗಲಿ ಅನ್ನಿಸುತ್ತದೆ, ಇಲ್ಲ ಅಂದರೆ ನಾನು ಬಚಾವಾದೆ, ನಿನ್ನ ಪಾಡು ನಿನಗೆ ಅನ್ನಿಸುತ್ತದೆ. ಅತ್ತೆಯಿಂದ ಅನ್ನಿಸಿಕೊಂಡ ಸೊಸೆ ಮುಂದೆ ತಾನೇ ಅತ್ತೆಯಾದಾಗ ಏನು ಮಾಡ್ತಾಳೆ ಅಂತ ನಾವೆಲ್ಲ ನೋಡಿಲ್ವಾ? ಅದಕ್ಕೇ ಹಾಜಬ್ಬ ಮಾಡಿದ್ದು ನನಗೆ ಅಷ್ಟು ದೊಡ್ಡದಾಗಿ ಕಾಣೋದು. ಅವರು ಆ ನಾಚಿಕೆಯನ್ನು ಯಾರ ಮೇಲೂ ತೀರಿಸಿಕೊಳ್ಳಲಿಲ್ಲ. ಬಚ್ಚಿಡಲೂ ಇಲ್ಲ. ನನ್ನೂರಿನ ಮಕ್ಕಳಿಗೆ ಈ ಗತಿ ಬರಬಾರದು ಅಂದುಕೊಂಡರು. ಅವರ ಊರು ನ್ಯೂಪಡ್ಪುವಿನಲ್ಲಿ ಆಗ ಶಾಲೆ ಇರಲಿಲ್ಲ.

ಕಥೆ ಹೇಳುವವರೆಲ್ಲ ಇಲ್ಲಿಂದ ಒಂದೇ ಜಿಗಿತಕ್ಕೆ ಪದ್ಮಶ್ರೀಗೆ ಹೋಗಿಬಿಡ್ತಾರೆ. ನಡುವೆ ಎಷ್ಟು ವರ್ಷ ಇದೆ ಗೊತ್ತಾ? ಶಾಲೆ ಶುರುವಾಗಿದ್ದು 2000ದ ಹೊತ್ತಿಗೆ. ಅಂದರೆ ಸುಮಾರು ಇಪ್ಪತ್ತು ವರ್ಷ. ಆಗಲೂ ಕಟ್ಟಡ ಇರಲಿಲ್ಲ, ಮದರಸದಲ್ಲಿ 28 ಮಕ್ಕಳನ್ನು ಕೂರಿಸಿ ಪಾಠ ಶುರುವಾಯಿತು.

ಆ ಇಪ್ಪತ್ತು ವರ್ಷವನ್ನು ಯಾರೂ ಫೋಟೋ ತೆಗೆದಿಲ್ಲ. ಬೆಳಿಗ್ಗೆ ಕಿತ್ತಳೆ ಮಾರಬೇಕು. ಮಾರಿದರೆ ಮನೆಯಲ್ಲಿ ಅನ್ನ. ಅದರ ನಡುವೆ ಕಚೇರಿಗಳಿಗೆ ಅಲೆಯಬೇಕು, ಕಂಡಕಂಡವರ ಹತ್ತಿರ ಬೇಡಬೇಕು. ಓದು ಬಾರದ ಮನುಷ್ಯ ಶಾಲೆ ಬೇಕು ಅಂತ ಅರ್ಜಿ ಹಿಡಿದು ನಿಲ್ಲೋದು ಅಂದರೆ ಏನು ಅಂತ ಒಮ್ಮೆ ಯೋಚಿಸಿ. ಆ ಅರ್ಜಿಯನ್ನೂ ಇನ್ನೊಬ್ಬರೇ ಬರೆದುಕೊಡಬೇಕು. ಕಚೇರಿ ಅಂದರೆ ಏನು ಅಂತ ನನಗೆ ಗೊತ್ತು. ಸಾಹೇಬರು ಇಲ್ಲ, ನಾಳೆ ಬಾ. ಫೈಲು ಮೇಲೆ ಹೋಗಿದೆ, ಮುಂದಿನ ವಾರ ಬಾ. ನನ್ನಂಥವನು ಮೂರನೇ ಸಲಕ್ಕೇ ಹಾಳಾಗಿ ಹೋಗಲಿ ಅಂತ ಬಿಟ್ಟುಬಿಡ್ತಾನೆ. ಅಲ್ಲಿ ತಡೆದುಕೊಳ್ಳೋಕೆ ಸಿಟ್ಟು ಸಾಕಾಗೋದಿಲ್ಲ. ಸಿಟ್ಟು ಬೇಗ ಆರಿಹೋಗುತ್ತದೆ. ಮಕ್ಕಳ ಮೇಲಿನ ಅಕ್ಕರೆ ಇದ್ದದ್ದಕ್ಕೇ ಅವರ ಕಾಲು ಸೋಲಲಿಲ್ಲ ಅಂತ ನನ್ನ ನಂಬಿಕೆ.

ಶಾಲೆ ಬಂದಮೇಲೂ ಅವರು ದೂರ ನಿಂತು ನೋಡಲಿಲ್ಲ. ಅಂಗಳ ಗುಡಿಸಿದರು. ಮಕ್ಕಳಿಗೆ ಕುಡಿಯೋ ನೀರು ಕಾಯಿಸಿಟ್ಟರು. ಪ್ರಶಸ್ತಿಯಿಂದ ಬಂದ ದುಡ್ಡನ್ನು ಸ್ವಂತಕ್ಕೆ ಇಟ್ಟುಕೊಳ್ಳದೆ ಶಾಲೆಗೇ ಹಾಕಿದರು. ಶಾಲೆ ಬೆಳೆದು ಹೈಸ್ಕೂಲಾಯಿತು. 2020ರ ಜನವರಿಯಲ್ಲಿ ಪದ್ಮಶ್ರೀ ಬಂತು ಅನ್ನೋ ಸುದ್ದಿ ತಲುಪಿದಾಗ ಅವರು ರೇಷನ್ ಅಂಗಡಿಯ ಸಾಲಿನಲ್ಲಿ ನಿಂತಿದ್ದರು. ಕೋವಿಡ್‌ನಿಂದ ಸಮಾರಂಭ ಮುಂದಕ್ಕೆ ಹೋಗಿ, ಆ ಬರಿಗಾಲಿನ ಫೋಟೋ ಬಂದಿದ್ದು 2021ರ ನವೆಂಬರ್‌ನಲ್ಲಿ.

ಅವರನ್ನು 'ಅಕ್ಷರ ಸಂತ' ಅಂತ ಕರೀತಾರೆ. ಪ್ರೀತಿಯಿಂದ ಕರೆಯುವ ಹೆಸರು, ತಪ್ಪೇನಿಲ್ಲ. ಆದರೂ ನನಗೊಂದು ಸಂಕಟ ಇದೆ. ಸಂತ ಅಂದುಬಿಟ್ಟರೆ ನಮ್ಮ ಕೆಲಸ ಮುಗೀತು. ಅವರು ಸಂತರು, ಅವರ ಕೈಲಾಯಿತು, ನಮ್ಮಂಥವರ ಕೈಲಿ ಆಗುತ್ತಾ ಅಂತ ಕೈತೊಳೆದುಕೊಳ್ಳಬಹುದು. ಇನ್ನೊಂದು ಮಾತು. ಒಂದು ಊರಿಗೆ ಸರ್ಕಾರಿ ಶಾಲೆ ಬರೋಕೆ ಕಿತ್ತಳೆ ಮಾರುವ ಮನುಷ್ಯ ಅರ್ಧ ಆಯಸ್ಸು ಸವೆಸಬೇಕಾಯಿತಲ್ಲ, ಅದು ನಮಗೆಲ್ಲ ಚುಚ್ಚಬೇಕು. ಅವರ ಬಡತನವನ್ನು ಚೆಂದ ಮಾಡಿ ತೋರಿಸೋದು ನನಗೆ ಹಿಡಿಸೋದಿಲ್ಲ. ಬಡತನದಲ್ಲಿ ಚೆಂದ ಏನೂ ಇಲ್ಲ.

ಸಾಲುಮರದ ತಿಮ್ಮಕ್ಕನ ವಿಷಯದಲ್ಲೂ ನನಗೆ ಹೀಗೇ ಅನ್ನಿಸಿತ್ತು. ಹುಲಿಕಲ್‌ನಿಂದ ಕುದೂರಿನವರೆಗೆ ನಾಲ್ಕು ಕಿಲೋಮೀಟರ್ ಉದ್ದಕ್ಕೆ ಗಂಡ ಹೆಂಡತಿ ಆಲದ ಸಸಿ ನೆಟ್ಟು, ನೀರು ಹೊತ್ತು, ದನ ಮೇಯದ ಹಾಗೆ ಮುಳ್ಳು ಕಟ್ಟಿ ಬೆಳೆಸಿದರು. ಮಕ್ಕಳಿಲ್ಲ ಅಂತ ಜನ ಆಡಿಕೊಳ್ಳುತ್ತಿದ್ದ ಕಾಲ ಅದು. ಆಡಿಕೊಂಡವರೂ ಆಮೇಲೆ ಅದೇ ನೆರಳಲ್ಲಿ ನಡೆದಿರುತ್ತಾರೆ. ಇಷ್ಟೆಲ್ಲ ಆದಮೇಲೂ, 2019ರಲ್ಲಿ ರಸ್ತೆ ಅಗಲ ಮಾಡೋಕೆ ಹೊರಟಾಗ ಆ ಮರಗಳಿಗೇ ಕುತ್ತು ಬಂತು. ನೂರು ವರ್ಷ ದಾಟಿದ ಅಜ್ಜಿ, ಅದೇ ವರ್ಷ ಪದ್ಮಶ್ರೀ ತಗೊಂಡಿದ್ದ ಅಜ್ಜಿ, ತನ್ನ ಮರ ಉಳಿಸಿಕೊಡಿ ಅಂತ ಮುಖ್ಯಮಂತ್ರಿಗಳನ್ನು ಕೇಳಬೇಕಾಯಿತು. 2025ರ ನವೆಂಬರ್‌ನಲ್ಲಿ ತಿಮ್ಮಕ್ಕ ಹೋದರು. ಸುದ್ದಿ ಕೇಳಿದ ದಿನ ನನಗೆ ಮೊದಲು ನೆನಪಾಗಿದ್ದು ಪ್ರಶಸ್ತಿ ಅಲ್ಲ, ನೀರು ಹೊತ್ತ ಆ ಸೊಂಟ.

ಅಮ್ಮನ ವಿಷಯ ಹೇಳಿ ನಿಲ್ಲಿಸ್ತೀನಿ. ಐದು ವರ್ಷದ ಹಿಂದೆ ಅವಳಿಗೆ ಕಣ್ಣಿನ ಪೊರೆ ತೆಗೆಸಿದೆವು. ಈಗ ನಿಜವಾಗಿಯೂ ಕನ್ನಡಕ ಇದೆ. ಅದೇ ವರ್ಷ ಬೇಸಿಗೆ ರಜದಲ್ಲಿ ನನ್ನ ಅಕ್ಕನ ಮಗಳು ಸ್ಲೇಟು ಬಳಪ ಹಿಡಿದು ಅಜ್ಜಿಗೆ ಹೆಸರು ಬರೆಯೋದು ಕಲಿಸಿದಳು. ನಾಲ್ಕು ಅಕ್ಷರ. ಎರಡನೆಯದರ ಒತ್ತು ಅವಳಿಗೆ ಇವತ್ತಿಗೂ ಸರಿಯಾಗಿ ಕೂರೋದಿಲ್ಲ. ನಮ್ಮ ಮನೆಯಲ್ಲಿ ಕಲಿಸೋಕೆ ಇಷ್ಟು ಜನ ಓದಿದವರಿದ್ದೆವು. ಮೂವತ್ತು ವರ್ಷ ಯಾರಿಗೂ ಹೊಳೆದಿರಲಿಲ್ಲ. ಐದನೇ ಕ್ಲಾಸಿನ ಹುಡುಗಿಗೆ ಹೊಳೀತು.

ಕಳೆದ ತಿಂಗಳು ಪಿಂಚಣಿಗೆ ಬ್ಯಾಂಕಿಗೆ ಕರೆದುಕೊಂಡು ಹೋಗಿದ್ದೆ. ಪೆನ್ನು ತೆಗೆದುಕೊಂಡಳು. ಕನ್ನಡಕ ಸರಿ ಮಾಡಿಕೊಂಡಳು. ಮೊದಲನೇ ಅಕ್ಷರ ಬರೆದು, ನಿಲ್ಲಿಸಿ, ಸ್ವಲ್ಪ ದೂರದಿಂದ ನೋಡಿದಳು. ಆಮೇಲೆ ಎರಡನೆಯದು. ಕೌಂಟರಿನಲ್ಲಿದ್ದ ಹುಡುಗಿ ಸ್ಟ್ಯಾಂಪ್ ಪ್ಯಾಡು ತೆಗೆಯೋಕೆ ಕೈ ಚಾಚಿದವಳು, ಕೈ ಹಿಂದಕ್ಕೆ ತಗೊಂಡಳು. "ನಿಧಾನವಾಗಿ ಬರೀರಿ ಅಮ್ಮ" ಅಂದಳು. ಹಿಂದೆ ಸಾಲಿನಲ್ಲಿ ಏಳೆಂಟು ಜನ ಇದ್ದರು. ಯಾರೂ ಅವಸರ ಮಾಡಲಿಲ್ಲ.