ವೇದಿಕೆಯ ಮೇಲೆ ಎಲ್ಲರಿಗೂ ಐದನೇ ತಿಂಗಳು

ಸಾಮೂಹಿಕ ಸೀಮಂತದ ಫೋಟೊವನ್ನು ನೀವೂ ನೋಡಿರುತ್ತೀರಿ. ಸೆಪ್ಟೆಂಬರ್ ಎಂದರೆ ಸರ್ಕಾರ ಪೌಷ್ಟಿಕ ಆಹಾರದ ಜಾಗೃತಿಗೆ ಮೀಸಲಿಟ್ಟ ಪೋಷಣ ಮಾಸ. ಆ ತಿಂಗಳು ಪತ್ರಿಕೆಯ ಜಿಲ್ಲಾ ಪುಟ ತೆರೆದರೆ ಮಲೆನಾಡಿನ ಯಾವುದಾದರೊಂದು ಊರಿನಿಂದ ಇದೇ ಫೋಟೊ. ಅಡಿಬರಹದಲ್ಲಿ ಶಾಸಕರಿಂದ ಹಿಡಿದು ಶಾಮಿಯಾನದವರ ತನಕ ಎಲ್ಲರ ಹೆಸರೂ ಇರುತ್ತದೆ. ಬಸುರಿಯರು ಮಾತ್ರ ‘ಮತ್ತಿತರರು ಉಪಸ್ಥಿತರಿದ್ದರು’ ಎಂಬಲ್ಲಿ ಅಡಕವಾಗಿರುತ್ತಾರೆ. ಹೊಟ್ಟೆಗಳೇನೋ ಎದ್ದು ಕಾಣುತ್ತವೆ, ಆದರೆ ಅವು ಮುಂದಿನ ಸಾಲಿನ ಗಣ್ಯರವು. ವಿಷಯ ಗೊತ್ತಿಲ್ಲದವರು ನೋಡಿದರೆ ಇಲ್ಲಿ ಯಾರು ಯಾರಿಗೆ ಮಡಿಲು ತುಂಬುತ್ತಿದ್ದಾರೆ ಎಂದು ಹೇಳುವುದು ಕಷ್ಟ.

ನಮ್ಮ ಕಡೆಯ ಕಾರ್ಯಕ್ರಮಕ್ಕೆ ತಮ್ಮನ ಹೆಂಡತಿಯನ್ನು ಕರೆದುಕೊಂಡು ನಾನೂ ಹೋಗಿದ್ದೆ. ಅವಳಿಗೆ ಐದು ತುಂಬಿ ಆರರಲ್ಲಿ ಬಿದ್ದಿತ್ತು. ಆಹ್ವಾನ ಪತ್ರಿಕೆಯಲ್ಲಿ ಬೆಳಿಗ್ಗೆ ಹತ್ತು ಗಂಟೆ ಎಂದು ಬರೆದಿದ್ದರಿಂದ ಹೆಂಗಸರೆಲ್ಲ ಮೊದಲ ಬಸ್ಸಿಗೇ ಬಂದು ಕೂತಿದ್ದರು. ಮುಖ್ಯ ಅತಿಥಿಗಳು ಇನ್ನೊಂದು ಊರಿನಲ್ಲಿ ಸಮುದಾಯ ಶೌಚಾಲಯ ಉದ್ಘಾಟಿಸಿಕೊಂಡು ಬರುವವರಿದ್ದರು. ನಮ್ಮ ಭವನದ ಶೌಚಾಲಯಕ್ಕೆ ಬೀಗ ಹಾಕಿತ್ತು. ಕೀಲಿಕೈ ಕಾವಲುಗಾರನ ಸೊಂಟದಲ್ಲಿತ್ತು, ಕಾವಲುಗಾರ ಹಾರ ತರಲು ಪೇಟೆಗೆ ಹೋಗಿದ್ದ. ವೇದಿಕೆಯ ಮೇಲೆ ಸಿಂಹಾಸನದ ಗಾತ್ರದ ಮೆತ್ತೆ ಕುರ್ಚಿಗಳು, ಕೆಳಗೆ ಬಸುರಿಯರಿಗೆ ಪಕ್ಕದ ಶಾಲೆಯಿಂದ ಹೊತ್ತು ತಂದ, ಬೆನ್ನಿಗೆ ಆಸರೆಯೇ ಇಲ್ಲದ ಬೆಂಚು. ಇಪ್ಪತ್ತನೇ ವಾರಕ್ಕೆ ಗರ್ಭಕೋಶ ಹೊಕ್ಕುಳಿನ ಮಟ್ಟಕ್ಕೆ ಬಂದಿರುತ್ತದೆ, ಕೀಲುಗಳ ಕಟ್ಟು ಸಡಿಲವಾಗಿರುತ್ತದೆ, ದೇಹದ ಭಾರವೆಲ್ಲ ಮುಂದಕ್ಕೆ ವಾಲಿ ನಡು ಹಿಡಿದುಕೊಳ್ಳುತ್ತದೆ. ಇದನ್ನು ತಿಳಿಯಲು ವೈದ್ಯಕೀಯ ಓದಬೇಕಿಲ್ಲ, ಆ ಬೆಂಚಿನ ಮೇಲೆ ಅರ್ಧ ಗಂಟೆ ಕೂತರೆ ಸಾಕು. ಬಸಿರಿಲ್ಲದ ನನಗೇ ತಿಳಿಯಿತು.

ಭಾಷಣ ಮಾತ್ರ ಅದ್ಭುತವಾಗಿತ್ತು. ನಾಲ್ಕರಿಂದ ಆರನೇ ತಿಂಗಳು ಗರ್ಭಿಣಿಯರ ಸುವರ್ಣ ಕಾಲ ಎಂದರು. ಸುಳ್ಳಲ್ಲ. ಬಹಳ ಮಂದಿಗೆ ಈ ಹೊತ್ತಿಗೆ ವಾಂತಿ ನಿಲ್ಲುತ್ತದೆ, ಒಗ್ಗರಣೆಯ ವಾಸನೆಗೆ ಓಡಿಹೋಗುತ್ತಿದ್ದವರು ಒಲೆಯ ಮುಂದೆಯೇ ಬಂದು ಕೂರುತ್ತಾರೆ. ಹದಿನೆಂಟು ಇಪ್ಪತ್ತನೇ ವಾರದಲ್ಲಿ ಚೊಚ್ಚಲು ಬಸುರಿಗೆ ಮೊದಲ ಬಾರಿ ಮಗು ಮಿಸುಕಿದ್ದು ಗೊತ್ತಾಗುತ್ತದೆ, ಗದ್ದೆಯ ಕಾಲುವೆಯಲ್ಲಿ ಮೀನು ಬಾಲ ಬಡಿದು ಹೋದ ಹಾಗೆ. ಇಷ್ಟು ಹೇಳಿ ಕೂತಿದ್ದರೆ ದೇವರು ಅವರನ್ನು ಚೆನ್ನಾಗಿಟ್ಟಿರಲಿ ಎಂದು ಹರಸಿ ಬರುತ್ತಿದ್ದೆ. ಆದರೆ ಅತಿಥಿಗಳು ಮುಂದುವರಿದು, ಗರ್ಭಿಣಿಯರು ಬಹಳ ಹೊತ್ತು ಕೂತಲ್ಲೇ ಕೂರಬಾರದು, ಹಸಿದುಕೊಂಡಿರಬಾರದು, ಮೂತ್ರ ತಡೆದುಕೊಳ್ಳಬಾರದು ಎಂದು ಮುಕ್ಕಾಲು ಗಂಟೆ ವಿವರಿಸಿದರು. ಹಸಿದುಕೊಂಡು, ಕೂತಲ್ಲೇ ಕೂತು, ತಡೆದುಕೊಂಡು ಎಲ್ಲರೂ ಕೇಳಿದರು. ಆರನೇ ತಿಂಗಳ ಹೊತ್ತಿಗೆ ಮಗುವಿಗೆ ಹೊರಗಿನ ಸದ್ದು ಕೇಳತೊಡಗುತ್ತದೆ. ಆ ಲೆಕ್ಕದಲ್ಲಿ ನಮ್ಮ ಕ್ಷೇತ್ರದ ಕೆಲವು ಮತದಾರರು ಹುಟ್ಟುವ ಮೊದಲೇ ಒಂದು ಭಾಷಣ ಕೇಳಿ ಮುಗಿಸಿದ್ದಾರೆ. ‘ನಮ್ಮ ಸರ್ಕಾರ’ ಎಂಬ ಮಾತು ಬಂದಾಗ ತಮ್ಮನ ಹೆಂಡತಿ ಹೊಟ್ಟೆ ಹಿಡಿದುಕೊಂಡು, “ಭಾವಾ, ಒದೆಯಿತು” ಎಂದಳು. ಪ್ರಜಾಪ್ರಭುತ್ವದ ಮೇಲೆ ಹೋಗಿದ್ದ ನಂಬಿಕೆ ಸ್ವಲ್ಪ ವಾಪಸು ಬಂತು.

ಆಮೇಲೆ ಬಳೆ. ಹಸಿರು ಗಾಜಿನ ಬಳೆ ಡಜನ್ನುಗಟ್ಟಲೆ ತಂದಿದ್ದರು, ಅಳತೆಯನ್ನು ಯಾರೂ ಕೇಳಿರಲಿಲ್ಲ. ಈ ತಿಂಗಳುಗಳಲ್ಲಿ ಕೈಕಾಲು ಸ್ವಲ್ಪ ಊದುತ್ತದೆ ಎಂಬುದು ಭಾಷಣದಲ್ಲೇ ಇತ್ತು, ಖರೀದಿಗೆ ಹೋದವರು ಭಾಷಣ ಕೇಳಿರಲಿಲ್ಲ. ಪಕ್ಕದ ಹುಡುಗಿಯೊಬ್ಬಳ ಕೈಗೆ ಬಳೆ ಗೆಣ್ಣಿನ ತನಕ ಹೋಗಿ ಸಿಕ್ಕಿಕೊಂಡಿತು. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. “ಹಾಗೇ ಇರಲಿ, ಹಾಗೇ ಇರಲಿ, ಈ ಕಡೆ ನೋಡಿ” ಎಂದ ಫೋಟೊದವನು. ಎಣ್ಣೆ ಹಚ್ಚಿ ಬಿಡಿಸಿದ್ದು ಅಂಗನವಾಡಿ ಟೀಚರ್.

ಆ ಟೀಚರ್ ಬಗ್ಗೆಯೇ ಒಂದು ಲೇಖನ ಬರೆಯಬೇಕು. ಈಗ ಪೌಷ್ಟಿಕ ಆಹಾರದ ಪೊಟ್ಟಣ ಕೊಡುವ ಮೊದಲು ಮೊಬೈಲಿನಲ್ಲಿ ಫಲಾನುಭವಿಯ ಮುಖ ಹೊಂದಬೇಕು. ನಮ್ಮೂರ ಅಂಗನವಾಡಿಯ ಜಗುಲಿಯಲ್ಲಿ ನೆಟ್‌ವರ್ಕ್ ಒಂದು ಮೂಲೆಯಲ್ಲಿ ಮಾತ್ರ ಸಿಗುತ್ತದೆ, ತುಳಸಿಕಟ್ಟೆಯ ಪಕ್ಕ. ಅಲ್ಲಿ ಬಸುರಿಯನ್ನು ನಿಲ್ಲಿಸಿ, “ಅಕ್ಕಾ, ಕಣ್ಣು ಮಿಟುಕಿಸಿ. ಇನ್ನೊಮ್ಮೆ. ನಿಧಾನ. ಸೆರಗು ತೆಗೆಯಿರಿ, ಮಳೆ ಬಂದರೆ ಬರಲಿ” ಎನ್ನುತ್ತಾರೆ. ಮೊಬೈಲು ಚಕ್ರ ತಿರುಗಿಸಿ ಕೊನೆಗೆ ಹೊಂದಿಕೆಯಾಗಲಿಲ್ಲ ಎನ್ನುತ್ತದೆ. ಮುಖದ ಮೇಲೆ ಬಂಗು ಎದ್ದಿದೆ, ಕೆನ್ನೆ ತುಂಬಿದೆ, ಹೊಟ್ಟೆಯ ಮೇಲೆ ಹೊಕ್ಕುಳಿನಿಂದ ಕೆಳಕ್ಕೆ ಕಪ್ಪು ಗೆರೆಯೊಂದು ಮೂಡಿದೆ. ಬಸುರಿ ಎನ್ನಲು ಇನ್ನೇನು ಸಾಕ್ಷಿ ಬೇಕು? ಆದರೆ ಮದುವೆಗೆ ಮುಂಚೆ ತೆಗೆಸಿದ ಆಧಾರ್ ಕಾರ್ಡಿನ ಹುಡುಗಿಯೇ ಬರಬೇಕಂತೆ. ಬಸುರಿಯಾದ ಮೇಲೂ ಬಸುರಿಯಾಗದ ಮುಖವನ್ನು ಇಟ್ಟುಕೊಂಡವಳಿಗೆ ಮಾತ್ರ ಬಸುರಿಯ ಆಹಾರ.

2017ರ ಅಕ್ಟೋಬರ್ 2ರಂದು ಮಾತೃಪೂರ್ಣ ಯೋಜನೆ ಶುರುವಾದಾಗಲೂ ಹೀಗೇ ನಕ್ಕಿದ್ದೆವು. ಬಿಸಿಯೂಟ, ಮೊಟ್ಟೆ, ಹಾಲು, ಶೇಂಗಾ ಚಿಕ್ಕಿ, ತಿಂಗಳಿಗೆ 25 ದಿನ. ಒಳ್ಳೆಯ ಯೋಜನೆಯೇ. ಷರತ್ತು ಒಂದೇ, ಅಂಗನವಾಡಿಗೇ ಬಂದು ಉಣ್ಣಬೇಕಿತ್ತು. ಬಯಲುಸೀಮೆಯ ನಕಾಶೆ ಎದುರಿಗಿಟ್ಟುಕೊಂಡು ಬರೆದ ಷರತ್ತು. ನಮ್ಮಲ್ಲಿ ಮನೆಗೊಂದು ಗುಡ್ಡ. ಬೇಲಿಯ ದಣಪೆ ದಾಟಿ, ಗದ್ದೆಯಂಚಿನಲ್ಲಿ ನಡೆದು, ಮಳೆಗಾಲದಲ್ಲಿ ಪಾಚಿಗಟ್ಟಿದ ಕಾಲುಸಂಕದ ಮೇಲೆ ಹೊಟ್ಟೆ ಹೊತ್ತು ಹೆಜ್ಜೆಯಿಟ್ಟು ಹೋಗಿ ಉಂಡು, ಅದೇ ದಾರಿಯಲ್ಲಿ ಗುಡ್ಡ ಹತ್ತಿ ಮನೆಗೆ ಬಂದರೆ ಉಂಡದ್ದು ಕರಗಿ ಮತ್ತೆ ಹಸಿವು. ದಾರಿಯಲ್ಲಿ ರಕ್ತ ಹೀರುವ ಉಂಬಳ ಬೇರೆ. ಸರ್ಕಾರ 180 ದಿನ ನುಂಗಿ ಎಂದು ಕೊಡುವ ಕಬ್ಬಿಣಾಂಶದ ಮಾತ್ರೆಯಲ್ಲಿ ಅದಕ್ಕೂ ಪಾಲು ಹೋಗಬೇಕು.

ಹೊರಗಿನವರನ್ನು ಬೈದದ್ದು ಸಾಕು, ಮನೆಯೊಳಕ್ಕೆ ಬರೋಣ. ಹೊಟ್ಟೆ ಕಾಣಿಸಿಕೊಂಡ ದಿನದಿಂದ ನಮ್ಮಲ್ಲಿ ಪ್ರತಿಯೊಬ್ಬರೂ ಪ್ರಸೂತಿ ತಜ್ಞರೇ. ಪಪ್ಪಾಯಿ ಮುಟ್ಟಬೇಡ, ಅನಾನಸಿನ ಹೆಸರೆತ್ತಬೇಡ, ಕಳಲೆ ಉಷ್ಣ, ಹಲಸು ವಾಯು, ಮೊಸರು ಶೀತ, ಬದನೆ ನಂಜು. ಈ ಪಟ್ಟಿ ಮುಗಿಸಿದ ಅದೇ ಬಾಯಲ್ಲಿ, “ಇಬ್ಬರ ಊಟ ಉಣ್ಣಬೇಕು ಮಾರಾಯ್ತಿ!” ನಿಷೇಧದ ಬಳಿಕ ಉಳಿಯುವುದು ತಿಳಿಸಾರು ಮತ್ತು ಸಲಹೆ. ಬಸುರಿಗೆ ಬೇಕಾದ ಹೆಚ್ಚುವರಿ ಆಹಾರ ದಿನಕ್ಕೆ ಸುಮಾರು 350 ಕ್ಯಾಲೊರಿ. ಒಂದೆರಡು ಅಕ್ಕಿರೊಟ್ಟಿ, ಜೊತೆಗೆ ಸ್ವಲ್ಪ ಪಲ್ಯ, ಅಷ್ಟೇ. ಅದನ್ನೂ ಒಟ್ಟಿಗೆ ತಿನ್ನಲಾಗುವುದಿಲ್ಲ. ಅನ್ನನಾಳದ ಬಾಗಿಲು ಸಡಿಲವಾಗಿ ಹುಳಿತೇಗು ಎದೆಗೆ ಏರುತ್ತದೆ, ಸ್ವಲ್ಪ ಸ್ವಲ್ಪವೇ ಹಲವು ಸಲ ತಿನ್ನಬೇಕು. ಹಾಗೆ ತಿಂದರೆ, “ಯಾವಾಗ ನೋಡಿದರೂ ಬಾಯಾಡಿಸುತ್ತಾಳೆ” ಎಂಬ ಬಿರುದು ಸಿಗುತ್ತದೆ. ಕೆಂಪು ಮಾತ್ರೆಯಿಂದ ಮಲಬದ್ಧತೆಯಾಗಿ ಒದ್ದಾಡುವವಳಿಗೆ ಆ ಮಾತ್ರೆಯನ್ನು ಚಹಾದ ಜೊತೆ ನುಂಗಬಾರದು, ಚಹಾ ಕಬ್ಬಿಣಾಂಶವನ್ನು ಮೈಗೆ ಹತ್ತಲು ಬಿಡುವುದಿಲ್ಲ ಎಂದು ಹೇಳುವವರು ಮಾತ್ರ ಈ ತಜ್ಞರ ಗುಂಪಿನಲ್ಲಿ ಒಬ್ಬರೂ ಇಲ್ಲ.

ಗಂಡೋ ಹೆಣ್ಣೋ ಎಂಬ ಇಲಾಖೆ ಬೇರೆಯೇ ಇದೆ. ಲಕ್ಷಗಟ್ಟಲೆ ಬೆಲೆಯ ಯಂತ್ರದಲ್ಲಿ ನೋಡಿದ ವೈದ್ಯರು ಬಾಯಿ ಬಿಡುವಂತಿಲ್ಲ. ಭ್ರೂಣಲಿಂಗ ಪತ್ತೆ ತಡೆಯುವ 1994ರ ಕಾಯ್ದೆ, ಗೋಡೆಯ ಮೇಲೆ ಫಲಕ, ಫಾರಂ ಎಫ್, ಸಹಿ. ಸರಿಯೇ. ಆದರೆ ದಣಪೆಯ ಹತ್ತಿರ ನಿಂತ ಚಿಕ್ಕಮ್ಮನಿಗೆ ಯಾವ ಫಾರಮ್ಮೂ ಇಲ್ಲ. ಹೊಟ್ಟೆ ಮುಂದಕ್ಕೆ ಚೂಪಾದರೆ ಗಂಡು, ಸೊಂಟಕ್ಕೆ ಹರಡಿದರೆ ಹೆಣ್ಣು. ಹುಳಿ ಬಯಸಿದರೆ ಒಂದು, ಸಿಹಿ ಬಯಸಿದರೆ ಇನ್ನೊಂದು. ಹೊಟ್ಟೆಯ ಆಕಾರ ತಾಯಿಯ ಸ್ನಾಯು, ಎತ್ತರ, ಮಗು ಮಲಗಿದ ಭಂಗಿಯ ಮೇಲೆ ನಿಂತಿದೆ ಎಂದು ಹೇಳಿ ನೋಡಿ, ನಿಮಗೆ ಅನುಭವವಿಲ್ಲ ಎನ್ನುತ್ತಾರೆ. ಹಾಗೆಂದು ಅವರ ಭವಿಷ್ಯ ನೂರಕ್ಕೆ ಐವತ್ತು ನಿಜವಾಗುತ್ತದೆ. ಮತಗಟ್ಟೆ ಸಮೀಕ್ಷೆಗಿಂತ ವಾಸಿ.

ನಗುವಷ್ಟು ನಕ್ಕಾಯಿತು. 2023ರಲ್ಲಿ ಮಂಡ್ಯದ ಕಡೆ ಆಲೆಮನೆಯಲ್ಲಿ ಸ್ಕ್ಯಾನಿಂಗ್ ಯಂತ್ರ ಇಟ್ಟುಕೊಂಡು ಭ್ರೂಣದ ಲಿಂಗ ಹೇಳುತ್ತಿದ್ದ ಜಾಲ ಸಿಕ್ಕಿಬಿತ್ತಲ್ಲ, ಅಲ್ಲಿಗೆ ಹೋದವರನ್ನು ಯಾರೂ ಕಟ್ಟಿ ಎಳೆದೊಯ್ದಿರಲಿಲ್ಲ. ದಣಪೆಯ ಬಳಿಯ ಈ ತಮಾಷೆ ಕೇಳುತ್ತಲೇ ಬೆಳೆದವರು ನಡೆದುಕೊಂಡೇ ಹೋಗಿದ್ದರು. ಕಬ್ಬಿನ ಹಾಲು ಕಾಯಿಸುವ ಕೊಪ್ಪರಿಗೆಯ ಮಗ್ಗುಲಿಗೂ ಯಂತ್ರ ಬರುತ್ತದೆ. ತಾಲ್ಲೂಕು ಆಸ್ಪತ್ರೆಗೆ ಮಾತ್ರ ಬರುವುದಿಲ್ಲ. ಬಂದರೂ ನೋಡುವವರು ಬರುವುದಿಲ್ಲ.

ನಾನು ಕಂಡ ಒಂದು ತಾಲ್ಲೂಕು ಆಸ್ಪತ್ರೆಯಲ್ಲಿ ಯಂತ್ರವಿದೆ. ಅದರ ಮೇಲೆ ಹೂವಿನ ಚಿತ್ತಾರದ ಪ್ಲಾಸ್ಟಿಕ್ ಹೊದಿಕೆಯಿದೆ, ಆಯುಧಪೂಜೆಯ ಕುಂಕುಮವಿದೆ. ರೇಡಿಯಾಲಜಿಸ್ಟ್ ಹುದ್ದೆ ಖಾಲಿ. ಹಾಗಾಗಿ ಸ್ಕ್ಯಾನಿಂಗಿಗೆ ಶಿವಮೊಗ್ಗಕ್ಕೆ ಹೋಗಬೇಕು. 2023ರ ಜೂನ್ 11ರಿಂದ ಹೆಂಗಸರಿಗೆ ಸರ್ಕಾರಿ ಬಸ್ಸು ಉಚಿತ, ನಮ್ಮ ಒಳಊರಿಗೆ ಬರುವುದು ಖಾಸಗಿ ಬಸ್ಸು. ಗರ್ಭಿಣಿ ವಿಮಾನ ಹತ್ತುವುದಿದ್ದರೆ ಈ ನಡುವಿನ ತಿಂಗಳುಗಳೇ ಪ್ರಶಸ್ತ ಎಂದು ವೈದ್ಯರು ಹೇಳುತ್ತಾರೆ. ಒಳ್ಳೆಯದು, 2023ರ ಫೆಬ್ರುವರಿಯಿಂದ ನಮಗೆ ತಾವರೆಯಾಕಾರದ ವಿಮಾನ ನಿಲ್ದಾಣವೂ ಇದೆ. ಹೊಂಡ ಬಿದ್ದ ರಸ್ತೆಯಲ್ಲಿ ಆ ನಿಲ್ದಾಣವಿರುವ ಸೋಗಾನೆಯ ತನಕ ಬರುವುದು ಹೇಗೆಂದು ವೈದ್ಯರು ಹೇಳುವುದಿಲ್ಲ, ಪಾಪ, ಅವರ ವಿಷಯವಲ್ಲ. ಶರಾವತಿ ಹಿನ್ನೀರಿನಾಚೆಯವರನ್ನು ಕೇಳಿ. ಲಿಂಗನಮಕ್ಕಿ ಅಣೆಕಟ್ಟು ಎದ್ದಿದ್ದು 1964ರಲ್ಲಿ. ಸಿಗಂದೂರಿನ ಸೇತುವೆ ಉದ್ಘಾಟನೆಯಾದದ್ದು 2025ರ ಜುಲೈ 14ರಂದು. ಅಣೆಕಟ್ಟು ಕಟ್ಟುವಾಗ ತಾಯಿಯ ಹೊಟ್ಟೆಯಲ್ಲಿದ್ದವರು ಹಿರಿಯ ನಾಗರಿಕರಾಗಿ ಸೇತುವೆ ದಾಟಿದರು. ನಡುವೆ ಅವರೂ ಹೆತ್ತರು, ಅವರ ಮಕ್ಕಳೂ ಹೆತ್ತರು, ಹಿನ್ನೀರು ದಾಟಿಸುವ ಲಾಂಚ್ ಬರುವುದನ್ನು ಕಾಯುತ್ತಾ.

ಈ ಸ್ಕ್ಯಾನಿಂಗಿಗೆ ಗಡುವಿದೆ. ಮಗುವಿನ ಹೃದಯದ ನಾಲ್ಕು ಕೋಣೆ, ಬೆನ್ನುಹುರಿ, ಮೂತ್ರಪಿಂಡ ಎಲ್ಲವನ್ನೂ ನೋಡಲು ಹದಿನೆಂಟರಿಂದ ಇಪ್ಪತ್ತನೇ ವಾರ ಸೂಕ್ತ. ದೋಷ ಕಂಡರೆ ದೊಡ್ಡ ಆಸ್ಪತ್ರೆಯಲ್ಲಿ ತೋರಿಸಲು, ಇನ್ನೊಮ್ಮೆ ಪರೀಕ್ಷಿಸಲು, ಎದೆ ಗಟ್ಟಿ ಮಾಡಿಕೊಂಡು ಒಂದು ತೀರ್ಮಾನಕ್ಕೆ ಬರಲು ಸಮಯ ಬೇಕು. ಗರ್ಭಪಾತದ ಕಾಯ್ದೆಗೆ 2021ರಲ್ಲಿ ಬಂದ ತಿದ್ದುಪಡಿಯ ಬಳಿಕವೂ 24 ವಾರ ದಾಟಿದರೆ ಗಂಭೀರ ದೋಷವಿದ್ದಾಗ ಮಾತ್ರ, ಅದೂ ವೈದ್ಯಕೀಯ ಮಂಡಳಿಯ ಮುಂದೆ ಹೋಗಿ, ಗರ್ಭಪಾತಕ್ಕೆ ಅನುಮತಿ ಪಡೆಯಬೇಕು. ನಮ್ಮ ಕೇರಿಯ ಹೆಣ್ಣುಮಗಳೊಬ್ಬಳಿಗೆ ಈ ಸ್ಕ್ಯಾನಿಂಗಿಗಾಗಿ ಆಸ್ಪತ್ರೆಯಲ್ಲಿ ‘ತಾಯಿ ಕಾರ್ಡ್’ ಎಂಬ ಗರ್ಭಿಣಿಯರ ದಾಖಲೆ ಕಾರ್ಡಿನ ಹಿಂದೆ ಒಂದು ದಿನಾಂಕ ಬರೆದುಕೊಟ್ಟರು. ಬಸ್ಸಿನಲ್ಲಿ ಕೂತು ಬೆರಳು ಮಡಚಿ ಎಣಿಸಿದಳು, ಅಷ್ಟು ಹೊತ್ತಿಗೆ ಅವಳಿಗೆ ಇಪ್ಪತ್ತಾರನೇ ವಾರ. ಬರೆದವರಿಗೆ ಎಣಿಸಲು ಬರುವುದಿಲ್ಲವೆಂದಲ್ಲ. ಎಣಿಸಲಿಲ್ಲ, ಅಷ್ಟೇ. ಇದರಲ್ಲಿ ವಿಡಂಬನೆ ಮಾಡುವುದಕ್ಕೆ ನನಗೆ ಏನೂ ಸಿಗುತ್ತಿಲ್ಲ, ಕ್ಷಮಿಸಿ. ಅವಳು ಮೂಗುತಿ ಅಡವಿಟ್ಟು ಖಾಸಗಿಯಲ್ಲಿ ಮಾಡಿಸಿಕೊಂಡಳು.

ಮನಸ್ಸಿನ ಬಗ್ಗೆ ವೇದಿಕೆಯಿಂದ ಬಂದ ಸೂಚನೆ ಒಂದೇ ವಾಕ್ಯ: ಗರ್ಭಿಣಿಯರು ಸದಾ ಪ್ರಸನ್ನರಾಗಿರಬೇಕು. ಆದೇಶ ಹೊರಟಿದೆ, ಪಾಲಿಸುವುದು ಬಸುರಿಯರ ಜವಾಬ್ದಾರಿ. ರಾತ್ರಿ ಮೀನಖಂಡ ಹಿಡಿದು ಎಚ್ಚರವಾಗುತ್ತದೆ, ತುಂಡು ನಿದ್ದೆಯ ನಡುವೆ ವಿಚಿತ್ರ ಕನಸು ಬೀಳುತ್ತದೆ, ಬೆಳಿಗ್ಗೆಯಿಂದ ಮಗು ಮಿಸುಕಲಿಲ್ಲವಲ್ಲ ಎಂಬ ದಿಗಿಲು. ಹಾಲು ಒಲೆಯ ಮೇಲಿಟ್ಟದ್ದು ಮರೆತುಹೋಗುತ್ತದೆ. ಕಾರಣವಿಲ್ಲದೆ ಅಳು ಬಂದರೆ ಮನೆಯವರು ದೃಷ್ಟಿ ತೆಗೆಯುತ್ತಾರೆ. ಖಿನ್ನತೆ ಎಂಬುದು ಹೆರಿಗೆಯಾದ ಮೇಲೆ ಬರುವುದೆಂದು ಎಲ್ಲರೂ ನಂಬಿದ್ದಾರೆ, ಬಸಿರಿನಲ್ಲೂ ಬರುತ್ತದೆ. ವಾರಗಟ್ಟಲೆ ಅಳು, ಯಾವುದರಲ್ಲೂ ಮನಸ್ಸಿಲ್ಲ ಎಂದಾದರೆ ವೈದ್ಯರಿಗೆ ಹೇಳಬೇಕು, ಇಲ್ಲವೇ ಮಾನಸಿಕ ಆರೋಗ್ಯದ ಸರ್ಕಾರಿ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆ ಮಾಡಬೇಕು. ಕರೆಗೆ ದುಡ್ಡಿಲ್ಲ, ಕನ್ನಡದಲ್ಲೇ ಮಾತನಾಡಬಹುದು. ನಮ್ಮವರು ಹೇಗೂ ತುಳಸಿಕಟ್ಟೆಯ ಪಕ್ಕ ನಿಂತು ಕಣ್ಣು ಮಿಟುಕಿಸುತ್ತಿರುತ್ತಾರಲ್ಲ, ಆಗಲೇ ಮಾಡಿದರಾಯಿತು.

ಚಿತ್ರಾನ್ನದ ಪೊಟ್ಟಣ ಕೈಗೆ ಬಂದಾಗ ಎರಡೂವರೆ. ವಂದನಾರ್ಪಣೆಯಲ್ಲಿ ಮತ್ತೆ ಎಲ್ಲರ ಹೆಸರನ್ನೂ ಓದಿದರು.

ಮುಂದಿನ ಸೆಪ್ಟೆಂಬರಿಗೆ ಸಂಬಂಧಪಟ್ಟವರಿಗೊಂದು ಅರ್ಜಿ. ಶಾಲು, ಹಾರ, ಮೈಕು, ಶಾಮಿಯಾನ, ಮೆತ್ತೆ ಕುರ್ಚಿಯ ಬಾಡಿಗೆ ಎಲ್ಲ ಸೇರಿಸಿದರೆ ಶಿವಮೊಗ್ಗದಿಂದ ವಾರಕ್ಕೊಮ್ಮೆ ಸ್ಕ್ಯಾನಿಂಗ್ ವೈದ್ಯರನ್ನು ಕರೆತರುವ ಕಾರಿಗೆ ಡೀಸೆಲ್ ಆಗುತ್ತದೆ. ಕಾರಿನ ಎರಡೂ ಬಾಗಿಲಿಗೆ ಯಾರ ಹೆಸರು ಬೇಕಾದರೂ ಬರೆಸಿ. ಹಸಿರು ನಿಶಾನೆ ತೋರಿಸಲು ಎಷ್ಟು ಗಣ್ಯರನ್ನಾದರೂ ಕರೆಯಿರಿ. ಬಸುರಿಯರನ್ನು ಮಾತ್ರ ಕರೆಯಬೇಡಿ, ಅವರಿಗೆ ಅವತ್ತು ಸ್ಕ್ಯಾನಿಂಗ್ ಇರುತ್ತದೆ.