ಅಳತೆ ಬಟ್ಟೆಯ ತೇಪೆ

ನನ್ನ ಹಾಡುಗಳಿಗೆ ದನಿ ಕೊಡುವವರನ್ನು ನಾನು ಇವತ್ತಿನವರೆಗೂ ಮುಖಾಮುಖಿ ಭೇಟಿಯಾಗಿಲ್ಲ. ಅವರಿರುವುದು ಮೈಸೂರಿನಲ್ಲಿ, ನಾನಿರುವುದು ದಾವಣಗೆರೆಯಲ್ಲಿ. ಆದರೆ ಅವರು ಎಲ್ಲೆಲ್ಲಿ ಉಸಿರು ತೆಗೆದುಕೊಳ್ಳುತ್ತಾರೆ, ಯಾವ ಸ್ವರಕ್ಕೆ ಏರುವಾಗ ಒಂಚೂರು ಅನುಮಾನಿಸುತ್ತಾರೆ ಅನ್ನೋದೆಲ್ಲ ನನಗೆ ಗೊತ್ತು. ಅವರ ಕುರ್ಚಿ ಕಿರ್ರೆನ್ನುವುದೂ ಗೊತ್ತು.

ನನಗೆ ರಾಗ ಹಾಕಲು ಬರುತ್ತದೆ, ಹಾಡಲು ಬರುವುದಿಲ್ಲ. ಹಾಗಾಗಿ ದುಡ್ಡು ಕೊಟ್ಟು ಹಾಡಿಸುತ್ತೇನೆ. ಅರ್ಧ ಅಡ್ವಾನ್ಸ್, ಉಳಿದರ್ಧ ಫೈಲ್ ಬಂದ ಮೇಲೆ. ಎರಡು ಸಲ ತಿದ್ದುಪಡಿ ಫ್ರೀ, ಮೂರನೆಯದಕ್ಕೆ ಬೇರೆ ಚಾರ್ಜ್. ಟೈಲರ್ ಹತ್ತಿರದ ವ್ಯವಹಾರವೂ ಹೆಚ್ಚುಕಡಿಮೆ ಹೀಗೇ ಅಲ್ವಾ? ಟೈಲರಿಗೆ ಅಳತೆ ಬಟ್ಟೆ ಕೊಡಬೇಕು. ಇಲ್ಲಿ ಅಳತೆ ಬಟ್ಟೆ ಅಂದರೆ ಗೈಡ್ ಟ್ರ್ಯಾಕ್. ಕಿವಿಯಲ್ಲಿ ಕ್ಲಿಕ್, ಅಂದರೆ ತಾಳದ ಟಿಕ್ ಟಿಕ್ ಸದ್ದು ಹಾಕಿಕೊಂಡು, ಇಡೀ ಹಾಡನ್ನು ನಾನೇ ನನ್ನ ಒಡಕು ಗಂಟಲಲ್ಲಿ ಹಾಡಿ ಕಳಿಸಬೇಕು. ಅದನ್ನು ಕೇಳಿ ಅವರು ಕಲಿಯುತ್ತಾರೆ. ಚೆನ್ನಾಗಿ ಹಾಡುವವರು ಹಾಡಲು ಬಾರದವನಿಂದ ಹಾಡು ಕಲಿಯುವ ಕಸುಬು ಇದು.

ವಿಡಿಯೋ ಕಾಲಿನಲ್ಲೇ ಹಾಡಿಸಬಾರದಾ ಅಂತ ಗೆಳೆಯರು ಕೇಳುತ್ತಾರೆ. ಒಮ್ಮೆ ಮಾಡಿ ನೋಡಿದೆವು. ನನ್ನ ಹಾರ್ಮೋನಿಯಂ ಅಲ್ಲಿಗೆ ಮುಟ್ಟಲು ಚೂರು ತಡ, ಅವರ ದನಿ ಇಲ್ಲಿಗೆ ಬರಲು ಇನ್ನೊಂದು ಚೂರು. ಮಾತಿನಲ್ಲಿ ಈ ತಡ ಗೊತ್ತೇ ಆಗಲ್ಲ, ತಾಳಕ್ಕೆ ತಕ್ಷಣ ಗೊತ್ತಾಗುತ್ತದೆ. ನಾನು ಅವರಿಗೆ ಕಾದೆ, ಅವರು ನನಗೆ ಕಾದರು. ಕುಣಿತದ ಹಾಡು ನಿಧಾನವಾಗುತ್ತಾ ಆಗುತ್ತಾ ಜೋಗುಳವಾಯಿತು.

ನಮ್ಮೂರು ಕಂಪನಿ ನಾಟಕದ ಊರು. ಚಿಂದೋಡಿ ಲೀಲಾ ಅವರ ಕೆ.ಬಿ.ಆರ್. ಡ್ರಾಮಾ ಕಂಪನಿ ಇಲ್ಲಿಯದೇ. ಕಂಪನಿ ನಾಟಕದಲ್ಲಿ ಹಾರ್ಮೋನಿಯಂ ಮಾಸ್ತರು ಸ್ಟೇಜಿನ ಮುಂದೆಯೇ ಕೂತಿರುತ್ತಾರೆ. ಶ್ರುತಿ ಇಳಿದರೆ ಹುಬ್ಬು ಹಾರಿಸಿದರೆ ಸಾಕು. ನನಗೆ ಹುಬ್ಬಿನ ಬದಲು ವಾಟ್ಸಾಪ್ ಇದೆ. ಹುಬ್ಬು ಹೇಳುವುದನ್ನು ಟೈಪ್ ಮಾಡಲು ಎಷ್ಟು ಹೊತ್ತು ಹಿಡಿಯುತ್ತದೆ ಅಂತ ಆ ಮಾಸ್ತರುಗಳಿಗೆ ಗೊತ್ತಿಲ್ಲ.

ಮೊದಲ ಹಾಡು ಮಂಡಕ್ಕಿ ಭಟ್ಟಿಯ ಮೇಲೆ. ಗೈಡ್ ಕಳಿಸಿದ ಅರ್ಧ ಗಂಟೆಗೆ ಮೆಸೇಜ್ ಬಂತು. ‘ಸರ್, ಮಂಡಕ್ಕಿ ಅಂದ್ರೆ ನಮ್ ಪುರೀನೇ ಅಲ್ವಾ?’ ಹೌದು ಮೇಡಂ ಅಂದೆ. ಅವರೇನೋ ಬಹಳ ಮುದ್ದಾಗಿ ಹಾಡಿದರು. ಆದರೆ ಮಂಡಕ್ಕಿ ಅನ್ನುವ ಮಾತು ಗಾಳಿಗೆ ಬಿಟ್ಟ ಮಂಡಕ್ಕಿಯ ಹಾಗೆ ಮೆತ್ತಗಾಗಿತ್ತು. ‘ಕ್ಕಿ’ ಅನ್ನುವಾಗ ಹಲ್ಲಿಗೆ ಸಿಕ್ಕ ಹಾಗಿರಬೇಕು ಅಂತ ವಾಯ್ಸ್ ಮೆಸೇಜ್ ಮಾಡಿ, ನಾನೇ ಎಂಟು ಸಲ ಮಂಡಕ್ಕಿ ಮಂಡಕ್ಕಿ ಅಂದೆ. ಅಡುಗೆಮನೆಯಿಂದ ಅವ್ವ ಒಂದು ತಟ್ಟೆ ಮಂಡಕ್ಕಿ ತಂದು ಪಕ್ಕದಲ್ಲಿಟ್ಟು ಹೋದಳು.

ಇನ್ನೊಂದು ಸಲ ಫೈಲ್ ತೆರೆದರೆ ಅವರ ದನಿ ಒಂದೂವರೆ ಸ್ವರಸ್ಥಾನ ಕೆಳಗಿಳಿದು, ಜ್ವರ ಬಂದವರ ಹಾಗೆ ಎಳೆಯುತ್ತಿತ್ತು. ‘ಹುಷಾರಿಲ್ವಾ ಮೇಡಂ?’ ಅಂತ ಕೇಳಿಯೂ ಬಿಟ್ಟೆ. ಅವರು ಗಟ್ಟಿಮುಟ್ಟಾಗಿದ್ದರು. 48 ಕಿಲೋಹರ್ಟ್ಸಿನ, ಅಂದರೆ ದನಿಯನ್ನು ಸೆಕೆಂಡಿಗೆ 48 ಸಾವಿರ ಸಲ ಅಳೆದು ಹಿಡಿದ ಫೈಲನ್ನು ನಾನೇ 44.1ರ ಸೆಟ್ಟಿಂಗಿನಲ್ಲಿ ನಿಧಾನವಾಗಿ ಓಡಿಸಿದ್ದೆ. 1981ರಲ್ಲಿ ಎಸ್.ಪಿ. ಬಾಲಸುಬ್ರಹ್ಮಣ್ಯಂ ಬೆಂಗಳೂರಿನಲ್ಲಿ ಒಂದೇ ದಿನ 21 ಕನ್ನಡ ಹಾಡು ಹಾಡಿದ್ದರಂತೆ. ನಮ್ಮದು ಒಂದೇ ಹಾಡು, 21 ದಿನ.

ಆದರೂ ಫೈಲ್ ಬಂದ ರಾತ್ರಿಯೇ ಬೇರೆ. ಎಕೋ ಇಲ್ಲದ, ವಾದ್ಯ ಇಲ್ಲದ ಬರೀ ದನಿ. ಹೆಡ್‌ಫೋನ್ ಹಾಕಿಕೊಂಡರೆ ಮೊದಲು ಏನೂ ಇರುವುದಿಲ್ಲ. ಆಮೇಲೆ ಕುರ್ಚಿ ಕಿರ್ರೆನ್ನುತ್ತದೆ. ಗುಟುಕು ನುಂಗಿದ ಸದ್ದು. ಉಸಿರು. ಆಮೇಲೆ ನನ್ನ ಸಾಲು, ನನಗೇ ಗುರುತು ಸಿಗದಷ್ಟು ಚೆಂದವಾಗಿ. ಮಿಕ್ಸಿಂಗ್ ಮಾಡುವಾಗ ಕುರ್ಚಿಯನ್ನೂ ಗುಟುಕನ್ನೂ ಕತ್ತರಿಸಲೇಬೇಕು. ಕತ್ತರಿಸುವಾಗ ಪ್ರತಿ ಸಲ ಒಂಥರಾ ಆಗುತ್ತದೆ.

ಹಾಗೆ ಕೇಳುತ್ತಿದ್ದಾಗಲೇ ಎರಡನೇ ಚರಣ ಬಂತು. ‘ಭಟ್ಟಿಯ ಬೆಂಕಿ ಆರಿತು’ ಅಂತ ಹಾಡಿ ಸುಮ್ಮನಾದರು. ತಾಳದ ಒಂದು ಸುತ್ತು ಪೂರ್ತಿ ಏನೂ ಇಲ್ಲ. ಫೈಲ್ ಕೆಟ್ಟಿತೇನೋ ಅಂದುಕೊಂಡೆ. ಅಷ್ಟರಲ್ಲಿ ಬಂತು, ‘ಕೈಯ ಬಿಸಿ ಆರಲಿಲ್ಲ.’

ನಾನು ಬರೆದ ಹಾಡಿನಲ್ಲಿ ಆ ನಿಲುಗಡೆ ಇರಲಿಲ್ಲ. ಗೈಡ್ ತೆಗೆದು ಕೇಳಿದೆ. ನಮ್ಮೂರಿನ ನಡುವೆಯೇ ರೈಲು ಹಳಿ ಹೋಗುತ್ತದೆ, ನಮ್ಮ ಮನೆ ಅದಕ್ಕೆ ಹತ್ತಿರ. ಗೈಡ್ ಹಾಡಿದ ರಾತ್ರಿ ಸರಿಯಾಗಿ ಆ ಸಾಲಿನ ಹೊತ್ತಿಗೆ ಗೂಡ್ಸ್ ಗಾಡಿ ಹಾರ್ನ್ ಹೊಡೆದಿತ್ತು. ನಾನು ಬಾಯಿ ಮುಚ್ಚಿ ಕೂತು, ಅದು ನಿಂತ ಮೇಲೆ ಮುಂದಿನ ಸಾಲು ಎತ್ತಿಕೊಂಡಿದ್ದೆ. ವಾದ್ಯಗಳನ್ನು ಹೇಗೂ ಆಮೇಲೆ ಸೇರಿಸುವುದು, ಮತ್ತೆ ಮೊದಲಿಂದ ಯಾರು ಹಾಡುತ್ತಾರೆ ಅನ್ನುವ ಸೋಮಾರಿತನ. ಅಳತೆ ಬಟ್ಟೆಯ ತೇಪೆಯನ್ನೂ ಅವರು ಶ್ರದ್ಧೆಯಿಂದ ಹೊಲಿದು ಕಳಿಸಿದ್ದರು. ಕೆಳಗೆ ಮೆಸೇಜ್ ಬೇರೆ: ‘ರೈಲಿನ ಎಫೆಕ್ಟ್ ತುಂಬಾ ಚೆನ್ನಾಗಿದೆ ಸರ್. ಅಲ್ಲಿ ಉಸಿರು ಹಿಡಿದುಕೊಂಡೇ ನಿಂತಿದ್ದೆ.’

ಆ ಜಾಗ ಕತ್ತರಿಸಿ ಎರಡು ಸಾಲು ಕೂಡಿಸಿ ನೋಡಿದೆ. ಓಡಿ ಬಂದು ಬಸ್ ಹತ್ತಿದವರ ಹಾಗಿತ್ತು. ವಾಪಸ್ ಇಟ್ಟೆ. ‘ಹೌದು ಮೇಡಂ, ಬೇಕಂತಲೇ ಬಿಟ್ಟಿದ್ದು’ ಅಂತ ಟೈಪ್ ಮಾಡಿ ಉಳಿದರ್ಧ ದುಡ್ಡು ಹಾಕಿದೆ.

ಎಲ್ಲ ಮುಗಿದ ಮೇಲೆ ಅವ್ವನಿಗೆ ಕೇಳಿಸಿದೆ. ದಿನಗಟ್ಟಲೆ ನನ್ನ ಗೈಡನ್ನೇ ಕೇಳಿ ಸಾಕಾಗಿದ್ದವಳು, ಕಣ್ಣು ಮುಚ್ಚಿ ಕೇಳಿದಳು. ಎರಡನೇ ಚರಣದ ನಿಲುಗಡೆಯಲ್ಲಿ ಕಣ್ಣು ಬಿಟ್ಟಳು.

‘ಇಲ್ಲೊಂದು ರೈಲು ಬರ್ತಿತ್ತಲ್ಲಪ್ಪಾ, ಅದೆಲ್ಲಿ ಹೋತು?’